ಏಳು ಸೀಟಿನ ಗಾಡಿ, ಹನ್ನೊಂದು ಮಂದಿಯ ಮನೆ

ಬಸವಕಲ್ಯಾಣ, ಹುಮನಾಬಾದ್ ಕಡೆ ಯಾರಾದರೂ ಹೊಸ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದರೆ ಓಣಿಯವರು ಕೇಳುವ ಮೊದಲ ಪ್ರಶ್ನೆ ಯಾವುದು ಗೊತ್ತಾ? ರೇಟು ಎಷ್ಟು ಅಂತ ಆಮೇಲೆ ಕೇಳ್ತಾರೆ. ಮೈಲೇಜ್ ಎಷ್ಟು ಅಂತ ಅದಕ್ಕೂ ಆಮೇಲೆ. ಮೊದಲ ಪ್ರಶ್ನೆ ಒಂದೇ: "ಎಷ್ಟ್ ಮಂದಿ ಕೂಡ್ತಾರ್ರೀ ಇದರಾಗ?"

ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಈ ಸೀಮೆಯ ಬದುಕೇ ಹಾಗಿದೆ. ಅಮಾವಾಸ್ಯೆ, ಹುಣ್ಣಿಮೆ ಬಂದರೆ ಗಾಣಗಾಪುರ. ನವರಾತ್ರಿಗೆ ತುಳಜಾಪುರ. ಆಷಾಢಕ್ಕೆ ಪಂಢರಪುರ. ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ, ಬಂದೇನವಾಜರ ಉರುಸು. ಮಗಳನ್ನು ಕೊಟ್ಟಿದ್ದು ಉಮರ್ಗಾಕ್ಕೆ, ಸೊಸೆ ತಂದಿದ್ದು ಜಹೀರಾಬಾದಿನಿಂದ. ಕಾಯಿಲೆ ಸ್ವಲ್ಪ ದೊಡ್ಡದಾದರೆ ಸೊಲ್ಲಾಪುರ, ಇನ್ನೂ ದೊಡ್ಡದಾದರೆ ಹೈದರಾಬಾದ್. ಹುಮನಾಬಾದಿನಿಂದ ಹೈದರಾಬಾದಿಗೆ ಸುಮಾರು 150 ಕಿಲೋಮೀಟರ್, ಬಸವಕಲ್ಯಾಣದಿಂದ ಸೊಲ್ಲಾಪುರಕ್ಕೆ ಸುಮಾರು 130. ಮುತ್ಯಾ, ಆಯಿ, ಕಾಕಾ, ಮಕ್ಕಳು, ಬುತ್ತಿ ಗಂಟು, ಎಲ್ಲ ಸೇರಿ ಹೊರಡಬೇಕು. ಅದಕ್ಕೇ ಇಲ್ಲಿ ದೊಡ್ಡ ಗಾಡಿ ಬೇಕು.

1984ರಲ್ಲಿ ಮಾರುತಿ ವ್ಯಾನ್ ಬಂತು, ಮುಂದೆ ಅದೇ ಓಮ್ನಿ ಆಯ್ತು, 2019ರವರೆಗೂ ಅದರ ತಯಾರಿ ನಡೀತು. ಹಳ್ಳಿ ರಸ್ತೆಗೆ ಕ್ರೂಸರ್ ಬಂತು. 2000ದಲ್ಲಿ ನಮ್ಮ ಬಿಡದಿ ಕಾರ್ಖಾನೆಯಿಂದ ಕ್ವಾಲಿಸ್ ಬಂತು, 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ. ಈಗ ಎರ್ಟಿಗಾ, ಟ್ರೈಬರ್, ಕ್ಯಾರೆನ್ಸ್, ಬೊಲೆರೊ, ಈಕೊ. ಆಯ್ಕೆ ಜಾಸ್ತಿ ಆಗಿದೆ. ಗೊಂದಲವೂ ಅಷ್ಟೇ ಜಾಸ್ತಿ ಆಗಿದೆ. ನಾನು ಇಂಜಿನಿಯರಿಂಗ್ ಓದಿ ಟಿವಿಗೆ ಬಂದವನು. ಇವತ್ತು ಸ್ಟುಡಿಯೋ ಭಾಷೆ ಪಕ್ಕಕ್ಕಿಟ್ಟು ಲೆಕ್ಕದ ಭಾಷೆಯಲ್ಲೇ ಮಾತಾಡೋಣ.

ಮೊದಲು ತೂಕದ ಲೆಕ್ಕ

ಏಳು ಮಂದಿ ದೊಡ್ಡವರು. ತಲೆಗೆ 65 ಕಿಲೋ ಅಂದ್ರೂ 455 ಕಿಲೋ. ಮೇಲೆ ಚೀಲ, ನೀರಿನ ಕ್ಯಾನು, ಬುತ್ತಿ ಅಂತ 50 ಕಿಲೋ ಹಿಡೀರಿ. ಐದು ಕ್ವಿಂಟಾಲ್ ದಾಟ್ತು! ತೊಗರಿ ಚೀಲದ ಲೆಕ್ಕದಲ್ಲಿ ಹೇಳಿದರೆ ಕ್ವಿಂಟಾಲಿನ ಐದು ಚೀಲ ಹೇರಿಕೊಂಡು ಗಾಡಿ ಓಡ್ತಿದೆ ಅಂತ ಅರ್ಥ. ಇದು ಏಳೇ ಮಂದಿಯ ಲೆಕ್ಕ. ನಾವು ಕೂರಿಸೋದು ಎಷ್ಟು ಮಂದಿಯನ್ನ? ಮಕ್ಕಳನ್ನು ಲೆಕ್ಕಕ್ಕೇ ಹಿಡಿಯಲ್ಲ, ತೊಡೆ ಮೇಲೆ ಕೂರಿಸ್ತೀವಿ.

ಈ ಭಾರ ಎಳೆಯೋದು ಇಂಜಿನ್. ಜಾಹೀರಾತಿನಲ್ಲಿ ಎರಡು ಸಂಖ್ಯೆ ಇರ್ತವೆ, ಪವರ್ ಮತ್ತು ಟಾರ್ಕ್. ಪವರ್ ಅಂದ್ರೆ ಕುದುರೆ ಓಟ, ಟಾರ್ಕ್ ಅಂದ್ರೆ ಎತ್ತಿನ ಹೆಗಲು. ಭಾರ ಹೇರಿ ಏರು ಹತ್ತೋವಾಗ ಬೇಕಾದದ್ದು ಹೆಗಲು. ಟ್ರೈಬರ್‌ನ ಇಂಜಿನ್ 999 ಸಿಸಿ, ಟಾರ್ಕ್ 96 ನ್ಯೂಟನ್ ಮೀಟರ್. ಎರ್ಟಿಗಾದ್ದು 1462 ಸಿಸಿ, ಸುಮಾರು 137. ಬೊಲೆರೊ ಡೀಸೆಲ್‌ನದ್ದು 210, ಕ್ಯಾರೆನ್ಸ್ ಡೀಸೆಲ್‌ನದ್ದು 250, ಇನ್ನೋವಾ ಕ್ರಿಸ್ಟಾದ್ದು 343. ಈಗ ನೀವೇ ಹೇಳಿ. ನಾಲ್ಕೈದು ಮಂದಿ ಊರೊಳಗೆ ಓಡಾಡಿ, ವರ್ಷಕ್ಕೆ ಎರಡು ಸಲ ಏಳು ಮಂದಿ ಹೋಗುವ ಮನೆಗೆ ಟ್ರೈಬರ್ ಸಾಕು. ಪ್ರತಿ ವಾರ ಏಳು ಮಂದಿ ಹೆದ್ದಾರಿ ಹತ್ತುವ ಮನೆಗೆ ಅದು ಸಾಲಲ್ಲ. ಲಾರಿ ಹಿಂದೆ ಹಾಕಲು ಹೋಗಿ ಅರ್ಧದಲ್ಲಿ ಗಾಡಿ ಉಸಿರು ಬಿಟ್ಟರೆ ಎದುರಿಂದ ಬರೋ ಕಂಟೇನರ್ ಕಾಯುತ್ತಾ?

ಮೂರನೇ ಸಾಲಿನ ಸತ್ಯ

ಶೋರೂಮಿನಲ್ಲಿ ಮೂರನೇ ಸಾಲಿನ ಸೀಟನ್ನು ಬೆರಳಲ್ಲೇ ಮಡಚಿ ತೋರಿಸ್ತಾರೆ. ಚಂದ ಕಾಣುತ್ತೆ. ನೀವು ಮಾತ್ರ ಒಂದು ಕೆಲಸ ಮಾಡಿ. ಟೆಸ್ಟ್ ಡ್ರೈವ್‌ಗೆ ಮನೆಯವರನ್ನೆಲ್ಲ ಕರ್ಕೊಂಡು ಹೋಗಿ. ಮೊಣಕಾಲು ನೋವಿರೋ ಆಯಿಯನ್ನು ಎರಡನೇ ಸಾಲಿಗೆ ಹತ್ತಿಸಿ. ಸೀರೆ ಉಟ್ಟವರು ಆರಾಮಾಗಿ ಹತ್ತಿ ಇಳೀತಾರಾ ನೋಡಿ. ಆರಡಿ ಎತ್ತರದ ಮಾಮಾನನ್ನು ಕೊನೇ ಸಾಲಿನಲ್ಲಿ ಕೂರಿಸಿ ಅರ್ಧ ತಾಸು ಓಡಿಸಿ. ಏಪ್ರಿಲ್, ಮೇನಲ್ಲಿ ನಮ್ಮ ಬೀದರ್ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತೆ. ಹಿಂದಿನ ಸಾಲಿಗೆ ಬೇರೆ ಎಸಿ ಗಾಳಿ ಇಲ್ಲದ ಗಾಡಿ ಬೇಡವೇ ಬೇಡ.

ಇನ್ನು ಸಾಮಾನು. ಮೂರೂ ಸಾಲು ತುಂಬಿದ ಮೇಲೆ ಡಿಕ್ಕಿಯಲ್ಲಿ ಉಳಿಯೋ ಜಾಗ ಟ್ರೈಬರ್‌ನಲ್ಲಿ 84 ಲೀಟರ್, ಎರ್ಟಿಗಾದಲ್ಲಿ 209, ಕ್ಯಾರೆನ್ಸ್‌ನಲ್ಲಿ 216. ಎಂಬತ್ನಾಲ್ಕು ಲೀಟರ್ ಅಂದ್ರೆ ಎರಡು ಸಣ್ಣ ಬ್ಯಾಗು, ಮುಗೀತು. ಆಗ ಎಲ್ಲರೂ ಮಾಡೋದೇನು? ಮೇಲೆ ಕ್ಯಾರಿಯರ್ ಹಾಕಿಸಿ ಗಂಟು ಕಟ್ಟೋದು. ಭಾರ ಮೇಲಕ್ಕೆ ಹೋದಷ್ಟೂ ತಿರುವಿನಲ್ಲಿ ಗಾಡಿ ಹೊಯ್ದಾಡುತ್ತೆ, ದಿಢೀರ್ ಸ್ಟೇರಿಂಗ್ ಎಳೆದರೆ ಪಲ್ಟಿ ಆಗೋ ಅಪಾಯ ಹೆಚ್ಚುತ್ತೆ. ತಲೆ ಮೇಲೆ ಕೊಡ ಇಟ್ಟುಕೊಂಡವರು ಓಡಲ್ಲ, ನಿಧಾನಕ್ಕೆ ನಡೀತಾರೆ. ಗಾಡಿಗೂ ಅದೇ ನಿಯಮ.

ಪೆಟ್ರೋಲಾ, ಡೀಸೆಲ್ಲಾ, ಸಿಎನ್‌ಜಿಯಾ?

"ಡೀಸೆಲ್ ತಗೋರಿ, ಗಟ್ಟಿ" ಅನ್ನೋ ಮಾತು ಕ್ವಾಲಿಸ್ ಕಾಲದ್ದು. ಆಗ ನಿಜ ಇತ್ತು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂತು. ಹೊಸ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯೋ ಒಂದು ಜರಡಿ ಇರುತ್ತೆ, ಡಿಪಿಎಫ್ ಅಂತಾರೆ. ಆ ಮಸಿ ಸುಟ್ಟು ಹೋಗಬೇಕು ಅಂದ್ರೆ ಸೈಲೆನ್ಸರ್ ಚೆನ್ನಾಗಿ ಕಾಯಬೇಕು, ಅಂದ್ರೆ ಗಾಡಿ ಆಗಾಗ ಒಂದೇ ವೇಗದಲ್ಲಿ ದೂರ ಓಡಬೇಕು. ದಿನಾ ಕೋಟೆಯಿಂದ ಬಸ್ ಸ್ಟ್ಯಾಂಡಿಗೆ, ಬಸ್ ಸ್ಟ್ಯಾಂಡಿನಿಂದ ಮನೆಗೆ ಅಂತ ಎರಡೆರಡು ಕಿಲೋಮೀಟರ್ ಓಡಿಸಿದರೆ ಜರಡಿ ಕಟ್ಟಿಕೊಳ್ಳುತ್ತೆ, ಮೀಟರ್‌ನಲ್ಲಿ ದೀಪ ಉರಿಯುತ್ತೆ. ಅದನ್ನು ಬದಲಿಸಬೇಕಾಗಿ ಬಂದರೆ ಜೇಬಿಗೆ ಕತ್ತರಿ. ವಾರಕ್ಕೊಮ್ಮೆ ಬಸವಕಲ್ಯಾಣದಿಂದ ಹುಮನಾಬಾದಿಗೋ, ಹುಮನಾಬಾದಿನಿಂದ ಕಲಬುರಗಿಗೋ ಹೋಗಿ ಬರುವವರಿಗೆ ಈ ಸಮಸ್ಯೆ ಕಡಿಮೆ. ಹಾಗಾಗಿ ಡೀಸೆಲ್ ಯಾರಿಗೆ? ದೂರ ಓಡಿಸುವವರಿಗೆ ಮಾತ್ರ.

ಸಿಎನ್‌ಜಿ ಲೆಕ್ಕ ಕಾಗದದ ಮೇಲೆ ಸೊಗಸಾಗಿದೆ. ಎರ್ಟಿಗಾ ಸಿಎನ್‌ಜಿಗೆ ಕಂಪನಿ ಹೇಳೋದು ಕಿಲೋಗೆ 26.11 ಕಿಲೋಮೀಟರ್. ಆದರೆ ಸಿಲಿಂಡರ್ ಕೂರೋದು ಡಿಕ್ಕಿಯಲ್ಲಿ. ಏಳು ಮಂದಿ ಕೂತರೆ ಚೀಲ ಎಲ್ಲಿ ಇಡ್ತೀರಿ? ನಿಮ್ಮ ದಾರಿಯಲ್ಲಿ ಪಂಪ್ ಎಲ್ಲಿದೆ, ಸರದಿ ಎಷ್ಟು ಉದ್ದ ಇರುತ್ತೆ ಅಂತ ಮೊದಲು ನೋಡಿಕೊಂಡು ಬನ್ನಿ. ಪೆಟ್ರೋಲ್‌ಗೆ ಈಗ ಶೇ. 20ರಷ್ಟು ಎಥೆನಾಲ್ ಬೆರೆಸ್ತಾರೆ. ಹಳೇ ಪೆಟ್ರೋಲ್ ಗಾಡಿ ತಗೋಳ್ಳೋರು ಆ ಮಾದರಿ ಇ-20ಗೆ ಹೊಂದುತ್ತಾ ಅಂತ ಕಂಪನಿಯ ಪುಸ್ತಕದಲ್ಲಿ ನೋಡಲೇಬೇಕು.

ಗಾಡಿಯ ಗಟ್ಟಿತನ ಎಲ್ಲಿ ನೋಡೋದು?

ಬಾಗಿಲು ಹಾಕಿದಾಗ 'ಧಡ್' ಅಂತ ಸದ್ದು ಬಂದರೆ ಗಟ್ಟಿ ಅಂತ ನಂಬೋರಿದ್ದಾರೆ. ಬಾನೆಟ್ ಮೇಲೆ ಕೈ ಒತ್ತಿ ನೋಡೋರಿದ್ದಾರೆ. ಸ್ವಾಮಿ, ಅದು ಪರೀಕ್ಷೆ ಅಲ್ಲ. ಪರೀಕ್ಷೆ ಅಂದ್ರೆ ಗಾಡಿಯನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೆ ಗುದ್ದಿಸಿ, ಒಳಗಿನ ಗೊಂಬೆಗೆ ಎಷ್ಟು ಏಟಾಯ್ತು ಅಂತ ಅಳೆಯೋದು. ಗ್ಲೋಬಲ್ ಎನ್‌ಕ್ಯಾಪ್ ಇದನ್ನು ಮಾಡ್ತಾ ಬಂದಿದೆ, 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಕೂಡ ಇದೆ. 2016ರಲ್ಲಿ ಏರ್‌ಬ್ಯಾಗ್ ಇಲ್ಲದ ಈಕೊಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. 2021ರಲ್ಲಿ ಟ್ರೈಬರ್‌ಗೆ ದೊಡ್ಡವರ ರಕ್ಷಣೆಯಲ್ಲಿ ನಾಲ್ಕು ಸ್ಟಾರ್. 2024ರಲ್ಲಿ ಎರ್ಟಿಗಾಕ್ಕೆ ಒಂದು ಸ್ಟಾರ್. ಪರೀಕ್ಷೆ ಮಾಡಿದ್ದು ಯಾವ ವರ್ಷದ ಗಾಡಿ, ಎಷ್ಟು ಏರ್‌ಬ್ಯಾಗಿನದ್ದು ಅಂತಲೂ ನೋಡಬೇಕು. ಕಂಪನಿ ಆಮೇಲೆ ಸುಧಾರಿಸಿರಬಹುದು, ಕೆಳಗಿನ ವೇರಿಯಂಟ್‌ನಲ್ಲಿ ಕೈಬಿಟ್ಟಿರಲೂಬಹುದು.

ಇದನ್ನೆಲ್ಲ ಯಾಕೆ ಒತ್ತಿ ಹೇಳ್ತಿದ್ದೀನಿ? ನಮ್ಮ ಊರ ಮುಂದೆ ಇರೋದು ರಾಷ್ಟ್ರೀಯ ಹೆದ್ದಾರಿ 65. ಪುಣೆ, ಸೊಲ್ಲಾಪುರದಿಂದ ಬಂದು ಸಸ್ತಾಪುರ ಬಂಗ್ಲಾ, ರಾಜೇಶ್ವರ, ಹುಮನಾಬಾದ್, ಮನ್ನಾಏಖೇಳಿ ದಾಟಿ ಹೈದರಾಬಾದಿಗೆ ಹೋಗೋ ದಾರಿ. ರಾತ್ರಿ ಹಗಲು ಕಂಟೇನರ್ ಲಾರಿಗಳು. 2022ರ ಆಗಸ್ಟ್ 15, ದೇಶ ಸ್ವಾತಂತ್ರ್ಯದ ಅಮೃತ ಮಹೋತ್ಸವ ಆಚರಿಸ್ತಿದ್ದ ದಿನ. ಹೈದರಾಬಾದಿನಿಂದ ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟಿದ್ದ ಕುಟುಂಬದ ಕಾರು ಇದೇ ದಾರಿಯ ಬಂಗೂರು ಬಳಿ ಕಂಟೇನರ್‌ಗೆ ಗುದ್ದಿತು. ಐದು ಜೀವ ಹೋಯ್ತು.

ಲೆಕ್ಕ ಕೇಳಿ. 80ರ ವೇಗದಲ್ಲಿ ಬ್ರೇಕ್ ಒತ್ತಬೇಕು ಅಂತ ತಲೆಗೆ ಹೊಳೆದು ಕಾಲು ಒತ್ತುವ ಹೊತ್ತಿಗೇ ಗಾಡಿ 30 ಮೀಟರ್ ದಾಟಿರುತ್ತೆ. ನಿಲ್ಲೋಕೆ ಒಟ್ಟು ಹೆಚ್ಚುಕಡಿಮೆ 70 ಮೀಟರ್ ಬೇಕು. ನೂರರಲ್ಲಿ ಅದು ನೂರು ಮೀಟರ್ ಹತ್ತಿರ ಹೋಗುತ್ತೆ. ಬ್ರೇಕ್ ಕಾದಿದ್ದರೆ, ಟೈರ್ ಸವೆದಿದ್ದರೆ ಇನ್ನೂ ಹೆಚ್ಚು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು ಅಂತ ಅರ್ಥ. ಗೀಟು ಆಳವಾಗಿ ಕಂಡರೂ ರಬ್ಬರ್ ಹಳೇದಾಗಿರುತ್ತೆ. ಸುಡು ಬಿಸಿಲು, ಮೈತುಂಬ ಭಾರ, ಕಡಿಮೆ ಗಾಳಿ ಇವು ಮೂರೂ ಸೇರಿದಾಗಲೇ ಟೈರ್ ಒಡೆಯೋದು. ತುಂಬು ಭಾರಕ್ಕೆ ಎಷ್ಟು ಗಾಳಿ ಅಂತ ಚಾಲಕನ ಬಾಗಿಲ ಹತ್ತಿರದ ಚೀಟಿಯಲ್ಲೇ ಬರೆದಿರ್ತಾರೆ. ಒಮ್ಮೆ ಓದಿ.

ಬೆಲ್ಟ್ ಹಾಕದಿದ್ದರೆ ಆರು ಏರ್‌ಬ್ಯಾಗ್ ಇದ್ದೂ ಉಪಯೋಗ ಇಲ್ಲ. ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ. ತೊಡೆ ಮೇಲಿನ ಮಗುವನ್ನು ಗುದ್ದಿದ ಕ್ಷಣದಲ್ಲಿ ಯಾವ ತಾಯಿಯ ತೋಳೂ ಹಿಡಿದಿಡಲಾರದು. ಚಿಕ್ಕ ಮಕ್ಕಳನ್ನು ಕೊನೇ ಸಾಲಿಗೆ ತಳ್ಳಬೇಡಿ. ಅಲ್ಲಿ ಅವರ ಬೆನ್ನಿಗೂ ಹಿಂದಿನ ಬಾಗಿಲಿಗೂ ನಡುವೆ ಇರೋದು ಗೇಣುದ್ದ ಜಾಗ.

ಗಡಿ ದಾಟಿ ಬರುವ ಹಳೇ ಗಾಡಿ

ಈಗ ನಮ್ಮ ಕಡೆಯ ದೊಡ್ಡ ಆಸೆಗೆ ಬರೋಣ. ಹೈದರಾಬಾದ್, ಸೊಲ್ಲಾಪುರ, ಲಾತೂರಿನಿಂದ ಹಳೇ ಗಾಡಿ ತರೋದು. "ಅಲ್ಲಿ ಸೋವಿ ಸಿಗ್ತದ" ಅಂತಾರೆ. ಸಿಗುತ್ತೆ ನಿಜ. ಪೂರ್ತಿ ಲೆಕ್ಕ ಹಾಕಿದಿರಾ? ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿನ ನೋಂದಣಿ ಮಾಡಿಸಬೇಕು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕ ಜೀವಿತಾವಧಿ ತೆರಿಗೆ ಕಟ್ಟಬೇಕು. ಆಗ ಕೆಎ-56 ಅನ್ನೋ ಬಸವಕಲ್ಯಾಣದ ನಂಬರು ಬರುತ್ತೆ. ಹಳೇ ಸಾಲ ತೀರಿದೆಯಾ? ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿದ್ದಾರಾ? ಇದೆಲ್ಲ ಆಗೋ ತನಕ ಪೂರ್ತಿ ದುಡ್ಡು ಕೊಡಲೇಬೇಡಿ.

ನೀರು ಕುಡಿದ ಗಾಡಿ ಇನ್ನೊಂದು ಪಿಡುಗು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಮುಳುಗಿದಾಗ ಕಾರುಗಳು ತೇಲಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೀವಿ. ಅಂಥ ಗಾಡಿ ಪಾಲಿಶ್ ಆಗಿ ಮಾರಾಟಕ್ಕೆ ಬಂದರೆ ಗುರುತಿಸೋದು ಹೇಗೆ? ಸೀಟ್ ಬೆಲ್ಟನ್ನು ಕೊನೇವರೆಗೂ ಎಳೆಯಿರಿ, ಬುಡದಲ್ಲಿ ಕೆಸರಿನ ಗೆರೆ ಇದೆಯಾ ನೋಡಿ. ಸೀಟಿನ ಕೆಳಗಿನ ನಟ್ಟು, ಬೋಲ್ಟು ತುಕ್ಕು ಹಿಡಿದಿದೆಯಾ ನೋಡಿ. ಕಾರ್ಪೆಟ್ ಎತ್ತಿ ಮೂಸಿ. 40 ಸಾವಿರ ಕಿಲೋಮೀಟರ್ ಅಂತ ಮೀಟರ್ ತೋರಿಸಿ ಪೆಡಲ್ ರಬ್ಬರ್ ಪೂರ್ತಿ ಸವೆದಿದ್ದರೆ ಮೀಟರ್ ಸುಳ್ಳು ಹೇಳ್ತಿದೆ. ಚಾಲಕನ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈನಲ್ಲಿ. ಅದಕ್ಕಿಂತ ಹಳೇ ಗಾಡಿಯಲ್ಲಿ ಅದೂ ಇಲ್ಲದಿರಬಹುದು.

ಕೊನೆಗೆ ಜೇಬು

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯ್ತು. ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಗಾಡಿಗೆ ಶೇ. 18. ಅದಕ್ಕಿಂತ ದೊಡ್ಡದಕ್ಕೆ ಶೇ. 40. ಟ್ರೈಬರ್ ಮೊದಲ ಗುಂಪಿಗೆ, ಎರ್ಟಿಗಾ ಎರಡನೇ ಗುಂಪಿಗೆ ಸೇರುತ್ತೆ. ಇದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ ಬೇರೆ. ಹಾಗಾಗಿ ಜಾಹೀರಾತಿನ ಬೆಲೆ ಕೇಳಬೇಡಿ, ರಸ್ತೆಗೆ ಇಳಿಯೋವಾಗ ಎಷ್ಟಾಗುತ್ತೆ ಅಂತ ಕೇಳಿ.

ಕಂತು ತೀರಿಸೋಕೆ ವೈಟ್ ಬೋರ್ಡ್ ಗಾಡಿಯನ್ನೇ ಮದುವೆ, ಜಾತ್ರೆಗೆ ಬಾಡಿಗೆಗೆ ಬಿಡೋ ಯೋಚನೆ ಇದ್ದರೆ ಇಲ್ಲೇ ನಿಲ್ಲಿಸಿ. ಅದು ಕಾನೂನಿಗೆ ವಿರುದ್ಧ. ಅಪಘಾತ ಆದರೆ ವಿಮಾ ಕಂಪನಿ ಮೊದಲು ಹಿಡಿಯೋದೇ ಆ ತಪ್ಪನ್ನು. ಬಾಡಿಗೆ ಓಡಿಸಬೇಕಾ? ಹಳದಿ ಬೋರ್ಡ್ ಮಾಡಿಸಿ.

ನಂಬಿಕಸ್ತ ಗಾಡಿ ಯಾವುದು ಅಂತ ಯೂಟ್ಯೂಬ್‌ಗಿಂತ ಚೆನ್ನಾಗಿ ಹೇಳೋರು ನಿಮ್ಮ ಊರಲ್ಲೇ ಇದ್ದಾರೆ. ಸ್ಟ್ಯಾಂಡಿನಲ್ಲಿ ನಿಂತ ಹಳದಿ ಬೋರ್ಡ್ ಚಾಲಕರನ್ನು ಕೇಳಿ. ಎರಡು ಲಕ್ಷ ಕಿಲೋಮೀಟರ್ ಓಡಿದ ಮೇಲೂ ಯಾವ ಇಂಜಿನ್ ಬಿಚ್ಚಿಲ್ಲ, ಯಾವುದರ ಪಾರ್ಟ್ ಹುಮನಾಬಾದಿನಲ್ಲೇ ಸಿಗುತ್ತೆ, ಯಾವುದಕ್ಕೆ ಕಲಬುರಗಿವರೆಗೂ ಟೋ ಮಾಡಬೇಕು, ಎಲ್ಲ ಅವರಿಗೆ ಗೊತ್ತು. ಸರ್ವಿಸ್ ಸೆಂಟರ್ 60 ಕಿಲೋಮೀಟರ್ ಆಚೆ ಇದ್ದರೆ ಎಂಥ ಒಳ್ಳೇ ಗಾಡಿಯೂ ಹೊರೆಯೇ.

ಇಷ್ಟೆಲ್ಲ ನೋಡಿ ತಂದ ಗಾಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ, ತೆಂಗಿನಕಾಯಿ ಒಡೀರಿ, ಬೇಡ ಅನ್ನಲ್ಲ. ಆದರೆ ಮನೆಯಲ್ಲಿ ಹನ್ನೊಂದು ಮಂದಿ ಇದ್ದು ಗಾಡಿಗೆ ಏಳೇ ಸೀಟಿದ್ದರೆ, ಉಳಿದ ನಾಲ್ವರಿಗೆ ಬಸ್ಸಿನ ಟಿಕೆಟ್ ತೆಗೆಸಿ. ಆ ನಾಲ್ಕು ಟಿಕೆಟ್‌ಗಿಂತ ಅಗ್ಗದ ವಿಮೆ ಯಾವ ಕಂಪನಿಯೂ ಕೊಡಲ್ಲ.