ಬೇಸಿಗೆಯಲ್ಲಿ ಮನೆಯ ಫ್ರಿಜ್: ದೋಷದ ಮೂಲವನ್ನು ಗುರುತಿಸುವುದು ಮತ್ತು ಆರೈಕೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಹಗಲಿನ ತಾಪ 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಆ ಹೊತ್ತಿಗೆ ಗ್ರಾಮ ಪಂಚಾಯಿತಿ ಸದಸ್ಯರ ಮುಂದೆ ಎರಡು ದೂರುಗಳು ಜೊತೆಯಾಗಿಯೇ ಬರುವುದುಂಟು. ಫ್ರಿಜ್ ತಂಪು ಮಾಡುತ್ತಿಲ್ಲ ಎಂಬುದು ಒಂದು; ಗೃಹಜ್ಯೋತಿ ಇದ್ದರೂ ಬಿಲ್ಲು ಬಂದಿದೆ ಎಂಬುದು ಇನ್ನೊಂದು. ಇವೆರಡಕ್ಕೂ ಕಾರಣ ಅನೇಕ ಬಾರಿ ಒಂದೇ ಆಗಿರುತ್ತದೆ. ಅದು ಯಂತ್ರದ ಒಳಗಿಗಿಂತ ಹೊರಗೆ ಇರುವ ಸಂಭವವೇ ಹೆಚ್ಚು.

ಫ್ರಿಜ್ ತಂಪನ್ನು ಉತ್ಪಾದಿಸುವುದಿಲ್ಲ. ಒಳಗಿನ ಶಾಖವನ್ನು ಹೀರಿ ಹೊರಗೆ ಚೆಲ್ಲುತ್ತದೆ. ಹಳೆಯ ಮಾದರಿಗಳಲ್ಲಿ ಈ ಶಾಖ ಹಿಂಬದಿಯ ಕಪ್ಪು ಜಾಲರಿಯಿಂದ ಹೊರಬೀಳುತ್ತದೆ. ಹೊಸ ಮಾದರಿಗಳಲ್ಲಿ ಕೊಳವೆಗಳು ಪಕ್ಕದ ತಗಡಿನೊಳಗೇ ಅಡಗಿರುವುದರಿಂದ ಪಕ್ಕಗಳು ಬಿಸಿಯಾಗುವುದು ಸಹಜ, ಅದು ದೋಷವಲ್ಲ. ತಗಡಿನ ಛಾವಣಿಯ ಕೆಳಗೆ, ಒಲೆಯ ಪಕ್ಕದಲ್ಲಿ, ಗೋಡೆಗೆ ಒತ್ತಿ ನಿಲ್ಲಿಸಿದ ಫ್ರಿಜ್ಜಿಗೆ ಶಾಖ ಚೆಲ್ಲಲು ಜಾಗವೇ ಸಿಗದು. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಮೀಟರೂ ಓಡುತ್ತದೆ. ಆದ್ದರಿಂದ ಹಿಂದೆಯೂ ಪಕ್ಕಗಳಲ್ಲಿಯೂ ಅರ್ಧ ಗೇಣು ಜಾಗ ಬಿಡಬೇಕು. ಜಾಲರಿಯ ಧೂಳನ್ನು ಪ್ಲಗ್ ಕಿತ್ತ ಬಳಿಕ ಒಣ ಬ್ರಷ್ಷಿನಿಂದ ತೆಗೆಯಬೇಕು. ಬಾಗಿಲಿನ ರಬ್ಬರ್ ಪಟ್ಟಿಯ ನಡುವೆ ಒಂದು ಕಾಗದವಿಟ್ಟು ಬಾಗಿಲು ಮುಚ್ಚಿ ಎಳೆದು ನೋಡಬಹುದು. ಕಾಗದ ಸಲೀಸಾಗಿ ಜಾರಿ ಬಂದರೆ ತಂಪೂ ಹಾಗೆಯೇ ಸೋರುತ್ತಿದೆ ಎಂದರ್ಥ. ಬಿಸಿ ಸಾರಿನ ಪಾತ್ರೆಯನ್ನು ಆರಿಸಿಯೇ ಒಳಗಿಡಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳಿಗಂತೂ ಫ್ರಿಜ್ಜಿನ ಹಂಗೇ ಇಲ್ಲ.

ಒಂದೇ ಬಾಗಿಲಿನ ಫ್ರಿಜ್ಜುಗಳಲ್ಲಿ ಮಂಜುಗಡ್ಡೆ ಕಾಲು ಅಂಗುಲ ದಪ್ಪವಾದೊಡನೆ ಕರಗಿಸಬೇಕು. ದಪ್ಪ ಮಂಜು ಕಂಬಳಿಯಂತೆ ವರ್ತಿಸಿ ತಂಪನ್ನು ತಡೆಯುತ್ತದೆ. ಅದನ್ನು ಚಾಕುವಿನಿಂದ ಕೆತ್ತಿದರೆ ತೆಳುವಾದ ಅಲ್ಯೂಮಿನಿಯಂ ಕೊಳವೆ ತೂತಾಗಿ ಅನಿಲವೆಲ್ಲ ಹೋದೀತು. ರಾತ್ರಿ ಪ್ಲಗ್ ಕಿತ್ತು ಬಾಗಿಲು ತೆರೆದಿಟ್ಟರೆ ಮಂಜು ತಾನೇ ಕರಗುತ್ತದೆ.

ಇನ್ನು ಬಿಲ್ಲಿನ ಲೆಕ್ಕ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ 200 ಯೂನಿಟ್ ಉಚಿತ ಎಂಬ ತಿಳುವಳಿಕೆ ವ್ಯಾಪಕವಾಗಿದೆ; ಅದು ಸರಿಯಲ್ಲ. 200 ಎಂಬುದು ಗರಿಷ್ಠ ಮಿತಿ. ಆ ಮಿತಿಯೊಳಗೆ, ಮನೆಯ 2022–23ನೇ ಸಾಲಿನ ಮಾಸಿಕ ಸರಾಸರಿಗೆ ಶೇ 10ರಷ್ಟು ಸೇರಿಸಿದ ಬಳಕೆಯೇ ಅರ್ಹ ಪ್ರಮಾಣ. 48 ಯೂನಿಟ್‌ಗಿಂತ ಕಡಿಮೆ ಸರಾಸರಿ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ನೀಡುವ ತೀರ್ಮಾನ 2024ರಲ್ಲಿ ಆಯಿತು. ಗೃಹಲಕ್ಷ್ಮಿಯ ಹಣ ಕೂಡಿಸಿ ಫ್ರಿಜ್ ಕೊಂಡ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಸರಾಸರಿ ಲೆಕ್ಕ ಹಾಕಿದ ವರ್ಷದಲ್ಲಿ ಆ ಮನೆಯಲ್ಲಿ ಫ್ರಿಜ್ಜೇ ಇರಲಿಲ್ಲ. ಸರಾಸರಿ 40 ಇದ್ದಲ್ಲಿ ಅರ್ಹತೆ 50. ಸಣ್ಣ ಫ್ರಿಜ್ ತಿಂಗಳಿಗೆ 20 ಯೂನಿಟ್ ಬಳಸಿದರೆ ಒಟ್ಟು 60 ಆಗಿ, ಹೆಚ್ಚಿನ 10 ಯೂನಿಟ್‌ಗೆ ಹಣ ಕಟ್ಟಬೇಕಾಗುತ್ತದೆ. ಇದು ಮೀಟರಿನ ತಪ್ಪಲ್ಲ ಎಂಬುದನ್ನು ಸದಸ್ಯರು ಲೆಕ್ಕ ಬಿಡಿಸಿ ತಿಳಿಸಿದರೆ ಅನವಶ್ಯಕ ಅಲೆದಾಟ ತಪ್ಪುತ್ತದೆ. ಕೊಳ್ಳುವ ಮುನ್ನ ನಕ್ಷತ್ರಗಳ ಚೀಟಿಯಲ್ಲಿ ಮುದ್ರಿತವಾದ ವಾರ್ಷಿಕ ಯೂನಿಟ್ ಸಂಖ್ಯೆಯನ್ನು 12ರಿಂದ ಭಾಗಿಸಿ ನೋಡುವುದು ಲೇಸು. ಬಿಸಿಯಾದ ಕೋಣೆಯಲ್ಲಿ ಬಳಕೆ ಅದಕ್ಕಿಂತ ಹೆಚ್ಚೇ ಇರುತ್ತದೆ.

ಫ್ರಿಜ್ ಗುಂಯ್ ಎಂದು ಕೆಲ ಕ್ಷಣ ಸದ್ದು ಮಾಡಿ ಟಕ್ ಎಂದು ನಿಲ್ಲುತ್ತಿದ್ದರೆ ಮೊದಲು ಶಂಕಿಸಬೇಕಾದುದು ಕಡಿಮೆ ವೋಲ್ಟೇಜನ್ನು. ಮನೆಗೆ ದೊರೆಯಬೇಕಾದುದು 230 ವೋಲ್ಟ್. ಅದು ತೀರಾ ಇಳಿದಾಗ ಕಂಪ್ರೆಸರ್ ಚಾಲೂ ಆಗಲಾರದೆ ಕಾಯುತ್ತದೆ, ರಕ್ಷಕ ಸ್ವಿಚ್ಚು ಅದನ್ನು ನಿಲ್ಲಿಸುತ್ತದೆ. ವಿದ್ಯುತ್ ಹೋಗಿ ಬಂದ ಕೂಡಲೇ ಫ್ರಿಜ್ ಹಚ್ಚದೆ ಐದು ನಿಮಿಷ ಕಾಯಬೇಕು. ಈ ವಿಳಂಬವನ್ನು ತಾನೇ ಮಾಡುವ ಸ್ಟೆಬಿಲೈಸರ್ ಇದ್ದರೆ ಇನ್ನೂ ಒಳಿತು. ಒಂದೇ ಓಣಿಯ ಹಲವು ಮನೆಗಳಲ್ಲಿ ಬಲ್ಬು ಅತಿಯಾಗಿ ಉರಿದು, ಟಿ.ವಿ., ಫ್ರಿಜ್ ಏಕಕಾಲಕ್ಕೆ ಕೆಟ್ಟರೆ ನ್ಯೂಟ್ರಲ್ ತಂತಿ ತುಂಡಾಗಿರುವ ಸಂಭವವಿದೆ. ಆಗ 230ರ ಜಾಗದಲ್ಲಿ 400ರ ಸಮೀಪದ ವೋಲ್ಟೇಜ್ ಮನೆಗೆ ನುಗ್ಗಬಹುದು. ಮೇನ್ ಸ್ವಿಚ್ ಆರಿಸಲು ಓಣಿಗೆ ತಿಳಿಸಿ, ಸದಸ್ಯರು ತಡಮಾಡದೆ 1912ಕ್ಕೆ ಕರೆ ಮಾಡಬೇಕು.

ಫ್ರಿಜ್ ಮುಟ್ಟಿದರೆ ಜುಂ ಎನ್ನುತ್ತದೆ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮೂರು ಪಿನ್ನಿನ ಸಾಕೆಟ್ ಇದ್ದರೂ ಮೇಲಿನ ದೊಡ್ಡ ರಂಧ್ರಕ್ಕೆ ತಂತಿಯೇ ಜೋಡಿಸಿರುವುದಿಲ್ಲ. ಜೋಡಿಸಿದ್ದರೂ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ನಿರುಪಯುಕ್ತವಾಗಿರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಬಾಗಿಲು ತೆರೆಯುವವರು ಹೆಂಗಸರು, ಮಕ್ಕಳು. ದುರಸ್ತಿಯಾಗುವವರೆಗೆ ಅಂತಹ ಫ್ರಿಜ್ ಬಳಸಲೇಬಾರದು. ಅಂಗನವಾಡಿ, ಶಾಲೆಗಳ ಅಡುಗೆ ಕೋಣೆಗಳಲ್ಲಿಯೂ ಈ ಪರೀಕ್ಷೆ ಆಗಲಿ.

ಇಷ್ಟೆಲ್ಲ ನೋಡಿದ ಮೇಲಷ್ಟೇ ‘ಗ್ಯಾಸ್ ಹೋಗಿದೆ’ ಎಂಬ ಮಾತಿಗೆ ಕಿವಿಗೊಡಬೇಕು. ಫ್ರಿಜ್ಜಿನ ಅನಿಲ ಬಳಕೆಯಿಂದ ಖರ್ಚಾಗುವುದಿಲ್ಲ. ಸೋರಿಕೆ ಇದ್ದರೆ ಮಾತ್ರ ಕಡಿಮೆಯಾಗುತ್ತದೆ. ಸೋರಿಕೆ ಮುಚ್ಚದೆ ಅನಿಲ ತುಂಬಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಈಗಿನ ಬಹುಪಾಲು ಮನೆಬಳಕೆಯ ಮಾದರಿಗಳಲ್ಲಿ ಇರುವುದು ಆರ್-600ಎ, ಅಂದರೆ ಹೊತ್ತಿಕೊಳ್ಳುವ ಐಸೋಬ್ಯೂಟೇನ್. ಮುಚ್ಚಿದ ಕೋಣೆಯಲ್ಲಿ ಇದರ ಕೊಳವೆಗೆ ಬೆಂಕಿ ಹಿಡಿದು ಬೆಸುಗೆ ಹಾಕಲು ಬಿಡಬಾರದು.

ಮಧುಮೇಹಿಗಳಿರುವ ಮನೆಗಳಿಗೆ ಫ್ರಿಜ್ ಔಷಧದ ಕಪಾಟೂ ಹೌದು. ತೆರೆಯದ ಇನ್ಸುಲಿನ್ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರಿನ ಪಕ್ಕದಲ್ಲಿಟ್ಟು ಒಮ್ಮೆ ಹೆಪ್ಪುಗಟ್ಟಿದರೆ, ಕರಗಿದ ಮೇಲೂ ಅದನ್ನು ಬಳಸಬಾರದು. ವಿದ್ಯುತ್ ಹೋದಾಗ ಬಾಗಿಲು ತೆರೆಯದಿದ್ದರೆ ಒಳಗಿನ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ಅದಕ್ಕೂ ದೀರ್ಘ ವ್ಯತ್ಯಯವಾದರೆ ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರಪಡಿಸಿ, ನೀರು ತುಂಬಿದ ಮಣ್ಣಿನ ಗಡಿಗೆಯೊಳಗೆ ಇಡಬಹುದು. ಹಾಗೆ ಇಟ್ಟ ಬಾಟಲಿಯನ್ನು ಎಷ್ಟು ದಿನ ಬಳಸಬಹುದೆಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸುವಂತೆ ತಿಳಿಸಬೇಕು.