ಸದ್ದಿನ ಹೊಸ್ತಿಲು

ಮನುಷ್ಯನ ಕಿವಿ ಅದ್ಭುತವಾದ ಇಂದ್ರಿಯವಾದರೂ ಅದಕ್ಕೊಂದು ಮಿತಿಯುಂಟು. ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಅದು ಗ್ರಹಿಸಬಲ್ಲದು. ವಯಸ್ಸಾದಂತೆ ಕೀರಲು ಸ್ವರಗಳು ಕೇಳಿಸದಾಗುತ್ತವೆ. ಅಲ್ಲದೆ, ಹಗಲಿರುಳು ಎಚ್ಚರವಾಗಿದ್ದು ಆಲಿಸುವುದು ಯಾರಿಂದಲೂ ಆಗದು. ಆದುದರಿಂದಲೇ ವನ್ಯಜೀವಿಗಳನ್ನು ದನಿಯ ಜಾಡು ಹಿಡಿದು ಅರಸುವವರು ಧ್ವನಿಮುದ್ರಣ ಯಂತ್ರಗಳನ್ನು ಮರಗಳಿಗೆ ಕಟ್ಟಿ ಬರುತ್ತಾರೆ.

ದಕ್ಷಿಣ ಇಂಗ್ಲೆಂಡಿನಲ್ಲಿ ನ್ಯೂ ಫಾರೆಸ್ಟ್ ಎಂಬ ಕಾಡಿದೆ. ಬ್ರಿಟನ್ನಿನ ಏಕೈಕ ಸ್ವದೇಶಿ ಸಿಕಾಡ ಜೀರುಂಡೆಯ ನೆಲೆ ಅದು. 1990ರ ದಶಕದ ಬಳಿಕ ಆ ಕೀಟದ ಖಚಿತವಾದ ಸುಳಿವು ಸಿಗದಾಯಿತು. ಬೇಸಗೆಯಲ್ಲಿ ಬಿಸಿಲೇರಿದಾಗ ಅದು ಹಾಡುತ್ತದೆ. ಹಾಡಿನ ಕಂಪನಾಂಕ ಸೆಕೆಂಡಿಗೆ ಸುಮಾರು 14,000. ಅನೇಕ ಹಿರಿಯರ ಕಿವಿಗೆ ಅದು ಎಟುಕದು. ಸೌತಾಂಪ್ಟನ್ ಹಾಗೂ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಗಳ ಸಂಶೋಧಕರು ರೂಪಿಸಿದ, ಅಂಗೈಯಲ್ಲಿ ಹಿಡಿಸುವ ‘ಆಡಿಯೋಮಾತ್’ ಯಂತ್ರವನ್ನು ಅದರ ಶೋಧಕ್ಕೆ ಬಳಸಲಾಯಿತು.

ಇಂತಹ ಯಂತ್ರ ಎಡೆಬಿಡದೆ ಮುದ್ರಿಸಿದರೆ ಏನಾದೀತು? ಲೆಕ್ಕ ಹಾಕಿ ನೋಡೋಣ. ಒಂದು ಸ್ವರವನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಕಂಪನಾಂಕದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಅಳತೆಗೆ 2 ಬೈಟ್ ಸ್ಥಳ ಕೊಟ್ಟರೆ ಗಂಟೆಗೆ 34 ಕೋಟಿ ಬೈಟ್‌ಗಳಿಗೂ ಮಿಗಿಲಾಗುತ್ತದೆ. ದಿನಕ್ಕೆ 10 ಗಂಟೆ ಮುದ್ರಿಸಿದರೆ 32 ಗಿಗಾಬೈಟ್‌ನ ಕಾರ್ಡು ಸುಮಾರು ಒಂಬತ್ತೇ ದಿನಗಳಲ್ಲಿ ತುಂಬುತ್ತದೆ. ಅದರಲ್ಲಿ ಬಹುಪಾಲು ಬರಿಯ ಗಾಳಿಯ ಸದ್ದೇ ಆಗಿರಬಹುದು!

ಆದುದರಿಂದ ತಕ್ಕ ಸದ್ದು ಬಂದಾಗ ಮಾತ್ರ ಮುದ್ರಿಸುವಂತೆ ಯಂತ್ರವನ್ನು ಅಣಿಗೊಳಿಸುತ್ತಾರೆ. ಮೊದಲು ಗಡಿಯಾರವನ್ನು ಸರಿಪಡಿಸಿ, ಆಲಿಸಬೇಕಾದ ವೇಳೆಯನ್ನು ಗೊತ್ತುಪಡಿಸಬೇಕು. ಎರಡನೆಯದಾಗಿ, ಬೇಕಾದ ಸ್ವರಗಳನ್ನಷ್ಟೇ ಸೋಸಿಕೊಳ್ಳಬೇಕು; ಈ ಜೀರುಂಡೆಗಾದರೆ 12,000ದಿಂದ 16,000 ಕಂಪನಗಳ ನಡುವಿನವು ಸಾಕು. ಇದರಿಂದ ಗಾಳಿಯ ಹಾಗೂ ವಾಹನಗಳ ತಗ್ಗುದನಿ ಹೊರಗುಳಿಯುತ್ತದೆ. ಮೂರನೆಯದಾಗಿ, ಸದ್ದು ಎಷ್ಟು ಗಟ್ಟಿಯಾಗಿದ್ದರೆ ಮುದ್ರಣವಾಗಬೇಕೆಂಬ ಹೊಸ್ತಿಲನ್ನು ನಿಗದಿಮಾಡಬೇಕು. ಕೊನೆಯದಾಗಿ, ಒಮ್ಮೆ ಮುದ್ರಣ ತೊಡಗಿದರೆ ಕನಿಷ್ಠ ಎಷ್ಟು ಸೆಕೆಂಡು ನಡೆಯಬೇಕೆಂಬುದನ್ನು ಹೇಳಬೇಕು. ಇಲ್ಲವಾದರೆ ಹಾಡು ತುಂಡುತುಂಡಾಗುತ್ತದೆ.

ಇವುಗಳಲ್ಲಿ ಕಠಿಣವಾದದ್ದು ಹೊಸ್ತಿಲಿನ ನಿರ್ಣಯ. ಅದು ತೀರ ತಗ್ಗಾದರೆ ಎಲೆಯ ಮರ್ಮರವೂ ಒಳನುಗ್ಗುತ್ತದೆ. ತೀರ ಎತ್ತರವಾದರೆ ದೂರದ ಮರದಲ್ಲಿ ಹಾಡಿದ ಜೀರುಂಡೆ ಹೊರಗೇ ಉಳಿಯುತ್ತದೆ. ಮೊದಲನೆಯ ತಪ್ಪು ಶ್ರಮದಿಂದ ನೀಗುವಂಥದು, ಬೇಡವಾದುದನ್ನು ಅಳಿಸಿಹಾಕಬಹುದು. ಎರಡನೆಯದು ಹಾಗಲ್ಲ; ಮುದ್ರಣವಾಗದ ಸದ್ದನ್ನು ಮರಳಿ ತರುವವರಾರು? ಅದಕ್ಕಾಗಿ ಒಂದೆರಡು ದಿನ ಎಲ್ಲವನ್ನೂ ಮುದ್ರಿಸಿ, ಅದರೊಡನೆ ಹೋಲಿಸಿ ನೋಡಿ ಹೊಸ್ತಿಲನ್ನು ನಿರ್ಧರಿಸುವುದು ಲೇಸು. ಸಂಶಯವಿದ್ದಲ್ಲಿ ತುಸು ತಗ್ಗಾಗಿಯೇ ಇಡುವುದು ಜಾಣತನ.

ಕಾರ್ಡು ಬರಿದಾಗಿ ಬಂದರೆ ‘ಆ ಜೀವಿ ಇಲ್ಲಿಲ್ಲ’ ಎಂದು ಬರೆದುಬಿಡುವುದು ಸುಲಭ. ಆದರೆ ಒಂದು ಜೀವಜಾತಿ ಅಳಿಯಿತೆಂದು ಸಾರುವ ಮುನ್ನ, ನಾವು ಇಟ್ಟ ಹೊಸ್ತಿಲು ಎಷ್ಟು ಎತ್ತರದ್ದೆಂದು ಪರೀಕ್ಷಿಸಬೇಡವೇ?