ನಾಲ್ಕೂ ಚಕ್ರ ಎಳೆದರೆ ಏನಾಗುತ್ತದೆ?

ಆರಿದ್ರಾ ಮಳೆ ಹಿಡಿಯಿತೆಂದರೆ ಸೊರಬದ ಕಡೆಯ ತೋಟದ ದಾರಿಗಳಿಗೆ ಬೇರೆಯದೇ ಗುಣ ಬಂದುಬಿಡುತ್ತದೆ. ಬೇಸಿಗೆಯಲ್ಲಿ ಸ್ಕೂಟರಿನವರೂ ಸಲೀಸಾಗಿ ಹತ್ತಿಸುತ್ತಿದ್ದ ಕೆಮ್ಮಣ್ಣಿನ ಏರು ಸೋಪು ಸವರಿದ ಹಲಗೆಯಂತಾಗುತ್ತದೆ. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲವೂ ಅದೇ. ಮೈಲುತುತ್ತ, ಸುಣ್ಣ, ಪಂಪು, ಕೊನೆಗೌಡ ಎಲ್ಲರೂ ಎಲ್ಲವೂ ತೋಟ ತಲುಪಬೇಕು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಅದೇ ಏರು ದಾಟಿ ಪೇಟೆಯ ಆಸ್ಪತ್ರೆಗೆ ಹೋಗಬೇಕು. ಹಿಂದೆ ಇದಕ್ಕೆಲ್ಲ ಇದ್ದದ್ದು ಊರಿಗೊಂದೋ ಎರಡೋ ಜೀಪು. ಮಳೆಗಾಲದಲ್ಲಿ ಹಿಂದಿನ ಚಕ್ರಗಳಿಗೆ ಕಬ್ಬಿಣದ ಸರಪಳಿ ಕಟ್ಟಿಕೊಂಡು ಅದು ಬರುವ ಸದ್ದು ತೋಟದಾಚೆಯಿಂದಲೇ ಕೇಳಿಸುತ್ತಿತ್ತು.

ಪಕ್ಕದ ಶಿಕಾರಿಪುರ ತಾಲ್ಲೂಕು ಅರೆಮಲೆನಾಡು. ಅಲ್ಲಿ ಅಷ್ಟು ಏರಿಳಿತವಿಲ್ಲ, ಆದರೆ ಗದ್ದೆಬಯಲಿನ ಕೆಸರಿಗೆ ಕೊರತೆಯೂ ಇಲ್ಲ.

ಇಂಥ ಊರುಗಳ ಹುಡುಗರಿಗೆ ನಾಲ್ಕೂ ಚಕ್ರ ಎಳೆಯುವ ಕಾರಿನ ಮೇಲೆ ಆಸೆಯಿದ್ದರೆ ಆಶ್ಚರ್ಯವೇನು? 2020ರ ಅಕ್ಟೋಬರ್ 2ರಂದು ಹೊಸ ವಿನ್ಯಾಸದ ಮಹೀಂದ್ರಾ ಥಾರ್ ಮಾರುಕಟ್ಟೆಗೆ ಬಂದಾಗ ಅದಕ್ಕೆ ಮರುಳಾಗದ ಕಾಲೇಜು ಹುಡುಗರು ಕಡಿಮೆ. ಆದರೆ ಅದಕ್ಕೆ ಪಕ್ಕದಲ್ಲಿ ಎರಡೇ ಬಾಗಿಲು. ‘ಹಿಂದಿನ ಸೀಟಿಗೆ ಅಜ್ಜಿ ಹತ್ತುವುದು ಹೇಗೆ?’ ಎಂಬ ಒಂದೇ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ ಹುಡುಗರ ವಾದ ಮಕಾಡೆ ಮಲಗಿತು. ಹಾಗಾಗಿ ಶುರುವಾಯಿತು ಕಾಯುವಿಕೆ. ಕಪ್ಪು ಬಿಳುಪು ಚಿತ್ತಾರದ ಹೊದಿಕೆ ಹೊದ್ದು ಪರೀಕ್ಷೆಗೆ ಓಡಾಡುತ್ತಿದ್ದ ಉದ್ದನೆಯ ಥಾರಿನ ಫೋಟೊಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ದೀಪ ಹೀಗಿರುತ್ತದಂತೆ, ಮಾಡು ಹಾಗಿರುತ್ತದಂತೆ ಎಂದು ಚಹಾದಂಗಡಿಗಳಲ್ಲಿ ಪಂದ್ಯ ಕಟ್ಟಿದವರೂ ಉಂಟು.

ನಡುವೆ, 2023ರ ಜೂನ್‌ನಲ್ಲಿ ಮಾರುತಿಯ ಐದು ಬಾಗಿಲಿನ ಜಿಮ್ನಿ ಬಂತು. 1985ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ತಯಾರಾದ ಜಿಪ್ಸಿಯ ವಂಶದ ಕುಡಿ ಇದು. ಆಮೇಲೆ 2024ರ ಆಗಸ್ಟ್ 15ರಂದು ಕಾದಿದ್ದ ಥಾರ್ ‘ರಾಕ್ಸ್’ ಎಂಬ ಹೆಸರಿನಲ್ಲಿ ಬಂತು. ಅಕ್ಟೋಬರ್ 3ರಂದು ಬುಕಿಂಗ್ ತೆರೆದಾಗ ಮೊದಲ ಒಂದು ಗಂಟೆಯಲ್ಲೇ 1,76,218 ಮಂದಿ ಹೆಸರು ಬರೆಸಿದರು! ಜಪಾನಿನ ಕಥೆ ಇನ್ನೂ ಸ್ವಾರಸ್ಯದ್ದು. ಭಾರತದಲ್ಲಿ ತಯಾರಾದ ಐದು ಬಾಗಿಲಿನ ಜಿಮ್ನಿಯನ್ನು ಸುಜುಕಿ 2025ರ ಜನವರಿ ಕೊನೆಯಲ್ಲಿ ಅಲ್ಲಿ ಬಿಡುಗಡೆ ಮಾಡಿತು. ನಾಲ್ಕೈದು ದಿನಗಳಲ್ಲೇ ಸುಮಾರು 50,000 ಬೇಡಿಕೆ ಬಂದು, ಕಂಪನಿ ಬುಕಿಂಗನ್ನೇ ನಿಲ್ಲಿಸಬೇಕಾಯಿತು.

ಈ ಎಲ್ಲ ಸಂಭ್ರಮದ ನಡುವೆ ಒಂದು ಮಾತು ಮಾತ್ರ ಮನೆಮನೆಗಳಲ್ಲಿ ಪ್ರಶ್ನೆಯಿಲ್ಲದೆ ತೇರ್ಗಡೆಯಾಗುತ್ತಿದೆ. ‘ಅಪ್ಪಾಜಿ, ಫೋರ್ ವೀಲ್ ಇದ್ರೆ ಮಳೇಲಿ ಗಾಡಿ ಜಾರೋದೇ ಇಲ್ಲ’ ಎನ್ನುತ್ತಾನೆ ಮಗ. ‘ಹೌದೇನೋ ಮಾರಾಯ, ಜಾರದಿದ್ರೆ ಸಾಕು’ ಎಂದು ತಂದೆ ಪಾಸ್‌ಬುಕ್ ಹುಡುಕುತ್ತಾರೆ. ರಾಕ್ಸ್‌ನ ಆರಂಭದ ಬೆಲೆ 12.99 ಲಕ್ಷ ಎಂದು ಘೋಷಣೆಯಾಗಿತ್ತು. ನಾಲ್ಕೂ ಚಕ್ರ ಎಳೆಯುವ ಮಾದರಿ ಬೇಕೆಂದರೆ 2024ರಲ್ಲಿ 18.79 ಲಕ್ಷದಿಂದ ಶುರುವಾಗುತ್ತಿತ್ತು. ಇಷ್ಟು ಹಣ ಸುರಿಯುವ ಮೊದಲು ಮಗನ ಮಾತನ್ನು ಹೈಸ್ಕೂಲು ಭೌತವಿಜ್ಞಾನದ ತಕ್ಕಡಿಯಲ್ಲಿಟ್ಟು ತೂಗುವುದು ಒಳ್ಳೆಯದಲ್ಲವೆ?

ಎಳೆಯುವುದು ಎಂಜಿನ್ನೋ, ನೆಲವೋ?

ಕಾರನ್ನು ಮುಂದಕ್ಕೆ ತಳ್ಳುವುದು ಎಂಜಿನ್ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಚಕ್ರ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಕಾರನ್ನು ಮುಂದಕ್ಕೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ನೆಲ ಎಷ್ಟು ಒತ್ತಬಲ್ಲದು ಎಂಬುದಕ್ಕೆ ಮಿತಿಯುಂಟು. ಚಕ್ರದ ಮೇಲಿನ ಭಾರವನ್ನು ಘರ್ಷಣಾಂಕದಿಂದ ಗುಣಿಸಿದರೆ ಆ ಮಿತಿ ಸಿಗುತ್ತದೆ. ಅದನ್ನು ಮೀರಿ ಎಂಜಿನ್ ಎಷ್ಟು ಆರ್ಭಟಿಸಿದರೂ ಚಕ್ರ ನಿಂತಲ್ಲೇ ಸುತ್ತಿ ಕೆಸರೆರಚುತ್ತದೆ, ಅಷ್ಟೆ.

ಒಂದು ಲೆಕ್ಕ ಮಾಡೋಣ. ಜಿಮ್ನಿಯ ತೂಕ ಸುಮಾರು 1,200 ಕಿಲೋಗ್ರಾಂ. ಜಾರುವ ಕೆಸರಿನ ಘರ್ಷಣಾಂಕ 0.2 ಎಂದಿಟ್ಟುಕೊಳ್ಳಿ. ಎರಡೇ ಚಕ್ರ ಎಳೆಯುವುದಾದರೆ, ಅವುಗಳ ಮೇಲೆ ಅರ್ಧ ಭಾರ, ಅಂದರೆ 600 ಕಿಲೋ. ಸಿಗುವ ಎಳೆತ 120 ಕಿಲೋ ಭಾರದಷ್ಟು. ಕಾರಿನ ತೂಕದ ಹತ್ತನೇ ಒಂದು ಪಾಲು. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಗೆ ಅದು ಸಾಕು, ಅದಕ್ಕಿಂತ ಕಡಿದಾದರೆ ಇಲ್ಲ. ನಾಲ್ಕೂ ಚಕ್ರ ಎಳೆದರೆ ಕಾರಿನ ಪೂರ್ತಿ ಭಾರ ಕೆಲಸಕ್ಕೆ ಬರುತ್ತದೆ. ಎಳೆತ 240 ಕಿಲೋ, ಐದಕ್ಕೆ ಒಂದರ ಏರು. ಕೆಸರೇ ಚಕ್ರವನ್ನು ಹಿಡಿದೆಳೆಯುವುದರಿಂದ ನಿಜವಾಗಿ ಇಷ್ಟು ದಕ್ಕುವುದಿಲ್ಲ, ಆದರೆ ಇಮ್ಮಡಿ ಎಂಬುದು ನಿಜ. ಇಲ್ಲಿಯವರೆಗೆ ಮಗನ ಮಾತಿಗೆ ಪೂರ್ಣ ಅಂಕ.

ಇಮ್ಮಡಿ ಲಾಭ ಸಿಗುವುದಾದರೆ ಎಲ್ಲ ಕಾರುಗಳನ್ನೂ ಹೀಗೇ ಏಕೆ ಮಾಡಲಿಲ್ಲ? ಉತ್ತರ ಕಣದಲ್ಲಿದೆ. ಮೇಟಿಗೆ ಸಾಲಾಗಿ ಕಟ್ಟಿದ ಎತ್ತುಗಳು ಸುತ್ತುವಾಗ ಒಳಗಿನ ಎತ್ತು ಮೆಲ್ಲಗೆ ಹೆಜ್ಜೆ ಹಾಕುತ್ತದೆ, ಹೊರಗಿನದು ಓಡಬೇಕಾಗುತ್ತದೆ. ಕಾರೂ ಹಾಗೆಯೇ. ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ, ಒಂದು ಪೂರ್ತಿ ಸುತ್ತಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 9.4 ಮೀಟರ್ ಹೆಚ್ಚು ಓಡಬೇಕು (ಎರಡು ಪೈ ಗುಣಿಸು ಒಂದೂವರೆ, ವಿದ್ಯಾರ್ಥಿಗಳು ಬೇಕಿದ್ದರೆ ತಾಳೆ ನೋಡಲಿ). ಈ ವ್ಯತ್ಯಾಸಕ್ಕೆ ಅವಕಾಶ ಕೊಡುವ ಹಲ್ಲುಚಕ್ರಗಳ ಗೂಡೇ ಡಿಫರೆನ್ಷಿಯಲ್. ಜಾಣ ಸಾಧನ, ಆದರೆ ಒಂದು ದೌರ್ಬಲ್ಯವಿದೆ. ಒಂದು ಚಕ್ರ ಕೆಸರಿಗೆ ಬಿದ್ದರೆ ತಿರುಗುವುದೆಲ್ಲ ಆ ಸೋಮಾರಿ ಚಕ್ರವೇ. ಗಟ್ಟಿ ನೆಲದ ಮೇಲಿರುವುದು ಸುಮ್ಮನೆ ನಿಂತಿರುತ್ತದೆ. ಅದಕ್ಕೇ ಡಿಫರೆನ್ಷಿಯಲ್ಲಿಗೆ ಬೀಗ ಹಾಕುವ ವ್ಯವಸ್ಥೆಯನ್ನು ಥಾರಿನ ಕೆಲವು ಮಾದರಿಗಳಲ್ಲಿ ಇಟ್ಟಿದ್ದಾರೆ. ಜಿಮ್ನಿಯಲ್ಲಿ ಸೋಮಾರಿ ಚಕ್ರಕ್ಕೆ ತಾನಾಗಿ ಬ್ರೇಕ್ ಬಿದ್ದು ಶಕ್ತಿ ಇನ್ನೊಂದಕ್ಕೆ ಹೋಗುತ್ತದೆ.

ಮುಂದಿನ ಮತ್ತು ಹಿಂದಿನ ಜೋಡಿಗಳ ನಡುವೆಯೂ ಇದೇ ತಕರಾರು. ತಿರುವಿನಲ್ಲಿ ಅವು ಓಡುವ ದೂರವೂ ಬೇರೆ ಬೇರೆ. ಜೀಪು, ಜಿಪ್ಸಿ, ಜಿಮ್ನಿ, ಥಾರ್‌ಗಳಲ್ಲಿ ಆ ನಡುವಿನ ಡಿಫರೆನ್ಷಿಯಲ್ ಇಲ್ಲ. ಆದ್ದರಿಂದ ಅವುಗಳ ‘ಫೋರ್ ವೀಲ್’ ಕೆಸರು, ಮರಳು, ಜಲ್ಲಿಗಷ್ಟೇ. ಚಕ್ರ ಕೊಂಚ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಡಾಂಬರಿನ ಮೇಲೆ ಹಾಗೇ ಬಿಟ್ಟು ಓಡಿಸಿದರೆ ಹಲ್ಲುಚಕ್ರಗಳು ಬಿಗಿದುಕೊಂಡು ಸ್ಟಿಯರಿಂಗ್ ಜಗ್ಗುತ್ತದೆ, ಟೈರು ಸವೆಯುತ್ತದೆ, ಕಡೆಗೆ ಏನಾದರೂ ಮುರಿಯುತ್ತದೆ. ಜಿಪ್ಸಿಯ ಕಾಲದಲ್ಲಿ ಡ್ರೈವರು ಮಳೆಯಲ್ಲೇ ಕೆಳಗಿಳಿದು ಮುಂದಿನ ಚಕ್ರದ ಹಬ್ಬನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕಿತ್ತು. ಅದು ತೊಂದರೆಯೇ ಸರಿ, ಆದರೆ ಯಾವಾಗ ಹಾಕಬೇಕು ಎಂದು ಯೋಚಿಸುವಂತೆ ಮಾಡುತ್ತಿತ್ತು. ಈಗ ಸೀಟಿನಲ್ಲೇ ಕುಳಿತು ಲಿವರ್ ಎಳೆದರಾಯಿತು.

ಕೃತ್ತಿಕೆಯ ಹೆಸರಿನ ಕಾರು

ಡಾಂಬರಿನ ಮೇಲೂ ಸದಾಕಾಲ ನಾಲ್ಕೂ ಚಕ್ರ ಎಳೆಯಬೇಕೆಂದರೆ ನಡುವೆ ಮೂರನೆಯ ಡಿಫರೆನ್ಷಿಯಲ್ಲೋ ಅಂಥದೇ ಕ್ಲಚ್ಚೋ ಬೇಕು. ಇದೇ ‘ಆಲ್ ವೀಲ್ ಡ್ರೈವ್’. 1980ರಲ್ಲಿ ಜರ್ಮನಿಯ ಆಡಿ ಕ್ವಾಟ್ರೊ ಇದನ್ನು ಪ್ರಸಿದ್ಧಗೊಳಿಸಿತು. ಸಾಮಾನ್ಯರ ಕಾರಿಗೆ ನಾಲ್ಕು ಚಕ್ರದ ಎಳೆತ ತಂದ ಕೀರ್ತಿ ಮಾತ್ರ ಜಪಾನಿನ ಸುಬಾರುವಿನದು. ಹೆಸರಿನ ಅರ್ಥ ಕೃತ್ತಿಕಾ ನಕ್ಷತ್ರಪುಂಜ. ಲಾಂಛನದಲ್ಲೂ ಆರು ನಕ್ಷತ್ರಗಳು. ಹಿಮ ಬಿದ್ದ ಬೆಟ್ಟಗಳಲ್ಲಿ ವಿದ್ಯುತ್ ತಂತಿ ದುರಸ್ತಿಗೆ ಹೋಗುವ ಕೆಲಸಗಾರರಿಗೆ ಜೀಪಿಗಿಂತ ಬೆಚ್ಚನೆಯ ವಾಹನ ಬೇಕೆಂದು ತೊಹೊಕು ಪ್ರಾಂತದ ವಿದ್ಯುತ್ ಕಂಪನಿ ಕೇಳಿದ್ದೇ ಇದಕ್ಕೆ ಮೂಲ. 1972ರಲ್ಲಿ ಲಿಯೋನ್ ಎಂಬ ನಾಲ್ಕು ಚಕ್ರ ಎಳೆತದ ವ್ಯಾಗನ್ ಮಾರಾಟಕ್ಕೆ ಬಂತು. ಹಿಮದ ಜಾಗದಲ್ಲಿ ಕೆಸರಿಟ್ಟು ನೋಡಿ, ನಮ್ಮ ಲೈನ್‌ಮನ್‌ಗಳ ಮಳೆಗಾಲ ನೆನಪಾಗುತ್ತದೆ. 1989ರಲ್ಲಿ ಬಂದ ಸುಬಾರು ಲೆಗಸಿಯ ಸೆಡಾನ್, ವ್ಯಾಗನ್‌ಗಳ ಪ್ರತಿ ಹೊಸ ವಿನ್ಯಾಸಕ್ಕೂ ಅಮೆರಿಕದ ಹಿಮರಾಜ್ಯಗಳಲ್ಲಿ ಜನ ನಮ್ಮ ಥಾರ್‌ಪ್ರಿಯರಂತೆಯೇ ಕಾದರು. ಭಾರತಕ್ಕೆ ಆ ಹೆಸರಿನ ಕಾರು ಬರಲಿಲ್ಲ. ಸುಬಾರುವಿನ ಫಾರೆಸ್ಟರ್ ಮಾತ್ರ ಶೆವ್ರೊಲೆ ಎಂಬ ಪಟ್ಟಿ ಅಂಟಿಸಿಕೊಂಡು ಕೆಲಕಾಲ ಮಾರಾಟವಾಯಿತು.

ನಿಲ್ಲಿಸುವಾಗ?

ಮಗನ ಉತ್ತರಪತ್ರಿಕೆಯಲ್ಲಿ ಅಂಕ ಕಳೆಯಬೇಕಾದ ಜಾಗ ಇದು. ಎಳೆಯುವುದು ಎರಡೇ ಚಕ್ರವಾದರೂ ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕೂ ಚಕ್ರಕ್ಕಿದೆ. ನಿಲ್ಲಿಸುವಾಗ ಪೂರ್ತಿ ಭಾರ ಆಗಲೇ ಕೆಲಸಕ್ಕೆ ಬಂದಿರುತ್ತದೆ. ಅಲ್ಲಿ ಫೋರ್ ವೀಲಿನಿಂದ ಸಿಗುವ ಹೆಚ್ಚುವರಿ ಹಿಡಿತ ಸೊನ್ನೆ.

ಒಣ ರಸ್ತೆಯ ಘರ್ಷಣಾಂಕ 0.7, ಒದ್ದೆ ರಸ್ತೆಯದು 0.4 ಎಂದು ಹಿಡಿದರೆ, ಗಂಟೆಗೆ 60 ಕಿ.ಮೀ. ವೇಗದ ಕಾರು ಬ್ರೇಕ್ ಒತ್ತಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 20 ಮೀಟರ್, ಒದ್ದೆಯಲ್ಲಿ 35 ಮೀಟರ್ ಸಾಗಿ ನಿಲ್ಲುತ್ತದೆ. ಒದ್ದೆಯಲ್ಲೇ 80 ಕಿ.ಮೀ. ವೇಗವಾದರೆ 63 ಮೀಟರ್! ವೇಗದ ವರ್ಗದ ಮಹಿಮೆ. ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೂ 22 ಮೀಟರ್ ಕಳೆದಿರುತ್ತದೆ. ಸೂತ್ರದಲ್ಲಿ ಎಳೆಯುವ ಚಕ್ರಗಳ ಸಂಖ್ಯೆಗೆ ಸ್ಥಾನವೇ ಇಲ್ಲ. ಶಿರಾಳಕೊಪ್ಪದ ರಸ್ತೆಯಲ್ಲಿ ಮಳೆಯ ಸಂಜೆ ಎದುರಿಗೆ ದನ ಅಡ್ಡ ಬಂದರೆ ಹಳೆಯ ಆಲ್ಟೊಗೂ ಹೊಸ ರಾಕ್ಸ್‌ಗೂ ಈ ಲೆಕ್ಕದಲ್ಲಿ ಭೇದವಿಲ್ಲ. ಟೈರಿನ ಗೆರೆಗಳು ಆಳವಾಗಿವೆಯೇ ಎಂಬುದೇ ಅಲ್ಲಿ ಮುಖ್ಯ.

ಇನ್ನೊಂದು ಅಪಾಯವೂ ಇದೆ. ಎರಡು ಚಕ್ರದ ಕಾರು ಹೊರಡುವಾಗಲೇ ಕೊಂಚ ಜಾರಿ ‘ರಸ್ತೆ ಸರಿಯಿಲ್ಲ, ಹುಷಾರು’ ಎನ್ನುತ್ತದೆ. ನಾಲ್ಕು ಚಕ್ರದ್ದು ಏನೂ ಹೇಳದೆ ವೇಗ ಏರಿಸಿಬಿಡುತ್ತದೆ. ರಸ್ತೆಯ ಸ್ಥಿತಿ ಗೊತ್ತಾಗುವುದು ಬ್ರೇಕ್ ಒತ್ತಿದಾಗ.

ಕೊನೆಯದಾಗಿ ನೀರು. ವರದಾ ನದಿ ತುಂಬಿದಾಗ ಗದ್ದೆಬಯಲು, ತಗ್ಗಿನ ರಸ್ತೆ ಎಲ್ಲ ಒಂದಾಗುತ್ತದೆ. ‘ಫೋರ್ ವೀಲ್ ಇದೆಯಲ್ಲ, ದಾಟಿಸೋಣ’ ಎನ್ನುವ ಧೈರ್ಯ ಆಗಲೇ ಹುಟ್ಟುವುದು. ಜಿಮ್ನಿಯ ಉದ್ದ ನಾಲ್ಕು ಮೀಟರಿಗೆ ಕೊಂಚ ಕಡಿಮೆ, ಅಗಲ ಒಂದೂವರೆ ಮೀಟರಿಗೆ ಕೊಂಚ ಹೆಚ್ಚು. ತಳದ ವಿಸ್ತಾರ ಸುಮಾರು ಆರು ಚದರ ಮೀಟರ್. ಅದರ 1,200 ಕಿಲೋ ಭಾರದಷ್ಟು ನೀರನ್ನು ಸರಿಸಲು ತಳದಿಂದ ಮೇಲಕ್ಕೆ 20 ಸೆಂಟಿಮೀಟರ್ ನೀರು ಸಾಕು. ತಳವೇ ನೆಲದಿಂದ 21 ಸೆಂಟಿಮೀಟರ್ ಎತ್ತರದಲ್ಲಿದೆ. ಒಟ್ಟು 41. ಕಾರಿನೊಳಗೆ ನೀರು ನುಗ್ಗುವ ಮೊದಲೇ ಆರ್ಕಿಮಿಡೀಸನ ನಿಯಮ ತನ್ನ ಕೆಲಸ ಮುಗಿಸಿರುತ್ತದೆ: ಚಕ್ರಗಳ ಮೇಲಿನ ಭಾರ ಸೊನ್ನೆಯ ಹತ್ತಿರ. ಸೊನ್ನೆಯನ್ನು ಯಾವ ಘರ್ಷಣಾಂಕದಿಂದ ಗುಣಿಸಿದರೂ, ಎಷ್ಟು ಚಕ್ರಕ್ಕೆ ಹಂಚಿದರೂ ಸೊನ್ನೆಯೇ. ಪಕ್ಕದಿಂದ ತಳ್ಳುವ ಹರಿವು ಇದ್ದರೆ 41 ಸೆಂಟಿಮೀಟರಿನವರೆಗೂ ಕಾಯುವುದಿಲ್ಲ. ಈ ಎತ್ತರ ದೊಡ್ಡವರ ಮೊಣಕಾಲಿಗೂ ಬರುವುದಿಲ್ಲ.